ಸಾಲಿಗ್ರಾಮವೂ ವಿಟ್ಬಿಯ ಹಾವುಗಲ್ಲೂ

ಕನ್ನಡದಲ್ಲಿ ‘ಕಲ್ಲು’ ಎಂಬ ಮಾತಿಗೆ ಎರಡು ಮುಖಗಳುಂಟು. ದಯೆಯಿಲ್ಲದವನನ್ನು ‘ಕಲ್ಲೆದೆಯವನು’ ಎಂದು ಹಳಿಯುತ್ತೇವೆ. ಮಗನನ್ನು ಕಡಲಾಚೆಗೆ ಕಳಿಸಿಕೊಟ್ಟ ತಾಯಿ ‘ಮನಸ್ಸು ಕಲ್ಲು ಮಾಡಿಕೊಂಡಳು’ ಎಂದು ಮೆಚ್ಚಿಯೂ ಆಡುತ್ತೇವೆ. ಇವೆರಡೂ ಮಾತಿನ ಅಲಂಕಾರಗಳು. ಜೀವವಿದ್ದ ವಸ್ತು ನಿಜವಾಗಿಯೂ ಕಲ್ಲಾಗುವುದುಂಟೇ? ಉಂಟು. ನಮ್ಮ ಸಂಘದ ಹಲವು ಮನೆಗಳ ದೇವರ ಪೆಟ್ಟಿಗೆಯಲ್ಲೇ ಅದಕ್ಕೆ ಸಾಕ್ಷಿಯಿದೆ. ಅದೇ ಸಾಲಿಗ್ರಾಮ.

ಸಾಲಿಗ್ರಾಮ ದೊರೆಯುವುದು ನೇಪಾಳದ ಕಾಳಿ ಗಂಡಕಿ ನದಿಯ ಕಣಿವೆಯಲ್ಲಿ, ಮುಕ್ತಿನಾಥದ ಆಸುಪಾಸಿನಲ್ಲಿ. ಇದು ಶಿಲ್ಪಿಯ ಉಳಿ ತಾಕದ ಕಲ್ಲು. ಆದ್ದರಿಂದಲೇ ಇದಕ್ಕೆ ಪ್ರಾಣಪ್ರತಿಷ್ಠೆ ಬೇಕಿಲ್ಲವೆಂದು ಸಂಪ್ರದಾಯ. ಇದರ ಹುಟ್ಟಿನ ಕಥೆ ಬ್ರಹ್ಮವೈವರ್ತ ಪುರಾಣದಲ್ಲಿಯೂ ದೇವೀಭಾಗವತದಲ್ಲಿಯೂ ಬರುತ್ತದೆ. ಶಂಖಚೂಡನೆಂಬ ದಾನವನನ್ನು ಕೊಲ್ಲಲು ಅವನ ಪತ್ನಿ ತುಳಸಿಯ ಪಾತಿವ್ರತ್ಯ ಅಡ್ಡಿಯಾಗಿತ್ತು. ವಿಷ್ಣು ಅವಳ ಗಂಡನ ವೇಷದಲ್ಲಿ ಬಂದು ವಂಚಿಸಿದ. ನಿಜ ತಿಳಿದ ತುಳಸಿ, ದಯೆಯಿಲ್ಲದ ನೀನು ಕಲ್ಲಿನಂಥವನು, ಭೂಮಿಯಲ್ಲಿ ಕಲ್ಲಾಗಿಯೇ ಇರು ಎಂದು ಶಪಿಸಿದಳು. ಅವಳ ದೇಹ ಗಂಡಕಿಯಾಯಿತು, ಕೂದಲು ತುಳಸಿಗಿಡವಾಯಿತು, ವಿಷ್ಣು ಆ ನದಿಯ ದಡದ ಶಿಲೆಯಾದ. ಶಿಲೆಯೊಳಗೆ ಚಕ್ರ ಕೊರೆಯುವುದು ವಜ್ರಕೀಟವೆಂಬ ಹುಳು.

ಇಲ್ಲಿ ಬಯ್ಗುಳವೇ ಶಾಪವಾಗಿದೆ, ಅಲಂಕಾರವೇ ಶಿಲೆಯಾಗಿದೆ. ಅಹಲ್ಯೆಯ ಕಥೆಯೂ ಹೀಗೆಯೇ ಬೆಳೆಯಿತು. ವಾಲ್ಮೀಕಿಯಲ್ಲಿ ಅವಳು ಕಲ್ಲಾಗುವುದಿಲ್ಲ. ಗಾಳಿಯನ್ನೇ ಆಹಾರ ಮಾಡಿಕೊಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ಇರುತ್ತಾಳೆ. ಅವಳನ್ನು ಕಲ್ಲಾಗಿಸಿದವರು ಅನಂತರದ ಕವಿಗಳು.

ಇನ್ನು ವಿಜ್ಞಾನ ಹೇಳುವುದನ್ನು ನೋಡೋಣ. ಚಕ್ರವಿರುವ ಸಾಲಿಗ್ರಾಮ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಸುರುಳಿ ಚಿಪ್ಪಿನೊಳಗೆ ವಾಸಿಸುತ್ತಿದ್ದ ಇದು ಇಂದಿನ ಅಷ್ಟಪದಿಯ ದೂರದ ನೆಂಟ. ಸತ್ತ ಪ್ರಾಣಿ ಕಡಲತಳದ ಕೆಸರಿಗೆ ಇಳಿಯುತ್ತದೆ. ಮೆತ್ತನೆಯ ಮಾಂಸ ಕೆಲವೇ ದಿನಗಳಲ್ಲಿ ಕೊಳೆತುಹೋಗುತ್ತದೆ. ಚಿಪ್ಪು ಮಾತ್ರ ಉಳಿದು, ಅದರ ಮೇಲೆ ಕೆಸರು ಪದರಪದರವಾಗಿ ಕೂಡುತ್ತದೆ. ಕೆಸರಿನಲ್ಲಿ ಜಿನುಗುವ ನೀರು ಖನಿಜಗಳನ್ನು ಕರಗಿಸಿ ತಂದು ಚಿಪ್ಪಿನ ಕೋಣೆಗಳನ್ನು ತುಂಬುತ್ತದೆ. ಎಷ್ಟೋ ಸಲ ಚಿಪ್ಪಿನ ವಸ್ತುವನ್ನೂ ಕಣಕಣವಾಗಿ ಬದಲಿಸಿಬಿಡುತ್ತದೆ. ಕೊನೆಗೆ ಆಕಾರ ಅದೇ, ವಸ್ತು ಬೇರೆ. ಕೆಲವು ಸಾಲಿಗ್ರಾಮಗಳಲ್ಲಿ ಚಿನ್ನದಂತೆ ಹೊಳೆಯುವ ಗೆರೆ ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಖನಿಜ.

ಗಂಡಕಿಯ ಅಮೋನೈಟುಗಳು ಬದುಕಿದ್ದು ಸುಮಾರು 14ರಿಂದ 16 ಕೋಟಿ ವರ್ಷಗಳ ಹಿಂದೆ, ಭಾರತಕ್ಕೂ ಏಷ್ಯಕ್ಕೂ ನಡುವೆ ಇದ್ದ ಟೆಥಿಸ್ ಸಮುದ್ರದಲ್ಲಿ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಖಂಡ ಏಷ್ಯಕ್ಕೆ ಡಿಕ್ಕಿ ಹೊಡೆದು, ಆ ಕಡಲತಳವೇ ಹಿಮಾಲಯವಾಗಿ ಮೇಲೆದ್ದಿತು. 3,500 ಮೀಟರಿಗೂ ಎತ್ತರದ ಮುಕ್ತಿನಾಥದಲ್ಲಿ ಕಡಲಿನ ಚಿಪ್ಪು ಸಿಗುವುದಕ್ಕೆ ಕಾರಣ ಇದು. ನಮ್ಮ ಕರ್ನಾಟಕವೂ ಕಲ್ಲಿನ ನಾಡೇ. ಆದರೆ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಆಗ ಚಿಪ್ಪಿನ ಪ್ರಾಣಿಗಳೇ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಅಂಥ ಬಂಡೆಯಲ್ಲಿ ಚಕ್ರ ಹುಡುಕಿದರೆ ಸಿಗದು.

ಸಾಲಿಗ್ರಾಮದ ಬಂಧುಗಳು ನಾವು ನೆಲೆಸಿರುವ ಈ ಇಂಗ್ಲೆಂಡಿನಲ್ಲಿಯೂ ಇವೆ. ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಯಲ್ಲಿ ಸುಮಾರು 18 ಕೋಟಿ ವರ್ಷಗಳಷ್ಟು ಹಳೆಯ ಅಮೋನೈಟುಗಳು ಹೇರಳ. ಕ್ರಿ.ಶ. 657ರಲ್ಲಿ ಅಲ್ಲಿ ಮಠ ಸ್ಥಾಪಿಸಿದ ಸಂತ ಹಿಲ್ಡಾ, ಸುತ್ತಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂದು ಜನರ ನಂಬಿಕೆ. ಸುರುಳಿಗೆ ತಲೆಯಿಲ್ಲವಲ್ಲ ಎಂದರೆ, ಇನ್ನೊಬ್ಬ ಸಂತನ ಶಾಪದಿಂದ ತಲೆ ಉದುರಿತೆಂದು ಉತ್ತರ! ಕುಶಲಕರ್ಮಿಗಳು ಕಲ್ಲಿಗೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದುದೂ ಉಂಟು. ವಿಟ್ಬಿಯ ಲಾಂಛನದಲ್ಲಿ ಮೂರು ಹಾವುಗಲ್ಲುಗಳಿವೆ. ವಿಜ್ಞಾನಿಗಳೂ ಒಂದು ಬಗೆಯ ಅಮೋನೈಟಿಗೆ ಹಿಲ್ಡಾಳ ನೆನಪಿನಲ್ಲಿ ಹಿಲ್ಡೊಸೆರಾಸ್ ಎಂದು ಹೆಸರಿಟ್ಟಿದ್ದಾರೆ.

ಇವು ಹಾವುಗಳಲ್ಲ, ಚಿಪ್ಪುಗಳು ಎಂದು ಬಲವಾಗಿ ವಾದಿಸಿದವರಲ್ಲಿ ರಾಬರ್ಟ್ ಹೂಕ್ ಪ್ರಮುಖ. 1665ರ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಆತ ಕಲ್ಲಾದ ಮರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ. ಸುರುಳಿ ಕಲ್ಲುಗಳೂ ಕೆಸರು ಮತ್ತು ಖನಿಜದ ನೀರು ತುಂಬಿ ಗಟ್ಟಿಯಾದ ಚಿಪ್ಪುಗಳೇ ಎಂದ. ಎಲ್ಲರೂ ಒಪ್ಪಲಿಲ್ಲ. 1671ರಲ್ಲಿ ಮಾರ್ಟಿನ್ ಲಿಸ್ಟರ್, ಇವು ಎಂದೂ ಪ್ರಾಣಿಯ ಅಂಗವಾಗಿರಲಿಲ್ಲ, ಕಲ್ಲಾಗಿಯೇ ಹುಟ್ಟಿದವು ಎಂದು ವಾದಿಸಿದ. ಚಿಪ್ಪೇ ಆಗಿದ್ದರೆ ಅಂಥ ಪ್ರಾಣಿ ಇಂದು ಯಾವ ಕಡಲಲ್ಲೂ ಏಕಿಲ್ಲ ಎಂಬ ಪ್ರಶ್ನೆ ಸಣ್ಣದಾಗಿರಲಿಲ್ಲ. ಕೆಲವು ಜೀವಜಾತಿಗಳು ಪೂರ್ತಿ ನಾಶವಾಗಿರಬಹುದೆಂದು ಹೂಕ್ ಊಹಿಸಿದ್ದ. ದೇವರ ಸೃಷ್ಟಿ ಅಳಿಯುವುದೆಂದರೆ ಆ ಕಾಲಕ್ಕೆ ಕಷ್ಟದ ಮಾತು. 1796ರಲ್ಲಿ ಫ್ರಾನ್ಸಿನ ಕುವಿಯೇ ಆನೆಯ ಜಾತಿಯ ಮೂಳೆಗಳಿಂದ ಅದನ್ನು ಸಿದ್ಧಪಡಿಸಿ ತೋರಿಸಿದ. ಅಮೋನೈಟುಗಳು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಡೈನೋಸಾರುಗಳ ಜೊತೆಗೇ ಅಳಿದವೆಂದು ಈಗ ತಿಳಿದಿದೆ.

ಶಾಲೆಯವರೊಡನೆ ವಿಟ್ಬಿಗೆ ಹೋಗಿ ಬಂದ ಮಕ್ಕಳು ಅಜ್ಜಿಯ ಸಾಲಿಗ್ರಾಮ ನೋಡಿ, “ಇದು ದೇವರೋ, ಪಳೆಯುಳಿಕೆಯೋ?” ಎಂದು ಕೇಳಿದರೆ ನಾವು ಗದರಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ. ಈ ಚಕ್ರ ಮನುಷ್ಯನ ಕೆಲಸವಲ್ಲ, ಒಂದು ಜೀವಿಯ ಕೆಲಸ ಎಂದು ನಮ್ಮ ಪುರಾಣಕಾರರೂ ಕಂಡಿದ್ದರು. ಆ ಜೀವಿ ಹೊರಗಿನಿಂದ ಕಲ್ಲನ್ನು ಕೊರೆಯಲಿಲ್ಲ, ಒಳಗೇ ಇದ್ದು ಕಲ್ಲಾಯಿತು ಎಂದು ವಿಜ್ಞಾನ ತಿದ್ದಿದೆ. ಇದನ್ನು ತಿಳಿದು ಪೂಜಿಸುವವರ ಭಕ್ತಿಗೆ ಕುಂದೇನೂ ಇಲ್ಲ.

ನಮ್ಮನ್ನು ಕಾಡುವುದು ಬೇರೊಂದು ವಿಚಾರ. ಕಲ್ಲಾಗುವಾಗ ಮೊದಲು ಹೋಗುವುದು ಮೆತ್ತನೆಯ ಭಾಗ. ಹೊರದೇಶದ ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗುತ್ತಿದೆ. ಅಭಿಷೇಕ, ಆರತಿ, ಹಬ್ಬದ ಅಡಿಗೆ ಇವು ಚಿಪ್ಪಿನಂತೆ ಗಟ್ಟಿ. ಒಂದೆರಡು ತಲೆಮಾರು ಉಳಿದಾವು. ಅವುಗಳ ಕಥೆ ಹೇಳುವ ಮಾತು ಮಾತ್ರ ಮೆತ್ತಗಿನದು, ಬೇಗ ಕರಗುವಂಥದು. ಅದು ಹೋದ ಮೇಲೆ ಆಕಾರ ಉಳಿದೀತು, ಒಳಗೆ ತುಂಬಿಕೊಳ್ಳುವುದು ಬೇರೆಯದೇ ವಸ್ತು. ಆದ್ದರಿಂದ ಮುಂದಿನ ಏಕಾದಶಿಗೋ ತುಳಸಿ ಹಬ್ಬಕ್ಕೋ ಮಕ್ಕಳನ್ನು ದೇವರ ಮುಂದೆ ಕೂರಿಸಿಕೊಂಡು, ತುಳಸಿಯ ಶಾಪವನ್ನೂ ಹೂಕನ ವಾದವನ್ನೂ ಹೇಳೋಣ. ಕನ್ನಡದಲ್ಲೇ ಹೇಳೋಣ.