ಟಿಡಬ್ಲ್ಯುಆರ್‌ಪಿ
ಟಿಡಬ್ಲ್ಯುಆರ್‌ಪಿ (ಟೀಮ್ ವಿನ್ ರಿಕವರಿ ಪ್ರಾಜೆಕ್ಟ್): ಆಂಡ್ರಾಯ್ಡ್ ಫೋನಿನಲ್ಲಿ ತಯಾರಕರ ರಿಕವರಿಯ (ದುರಸ್ತಿಗಾಗಿ ಪ್ರತ್ಯೇಕವಾಗಿ ಬೂಟ್ ಆಗುವ ವ್ಯವಸ್ಥೆ) ಬದಲು ಅಳವಡಿಸುವ ಮುಕ್ತ ತಂತ್ರಾಂಶ. 2011ರಲ್ಲಿ ಆರಂಭ. ಸ್ಪರ್ಶಪರದೆಯಲ್ಲಿ ಬಳಸುವ ಇದು ಬ್ಯಾಕಪ್‌ಗೂ ಬೇರೆ ಕಾರ್ಯಾಚರಣ ವ್ಯವಸ್ಥೆಯ ಅಳವಡಿಕೆಗೂ ಒದಗುತ್ತದೆ. ಮೊದಲು ಫೋನನ್ನು ಆರಂಭಿಸುವ ಬೂಟ್‌ಲೋಡರ್ ಅನ್‌ಲಾಕ್ ಆಗಬೇಕು. ಆಗ ಫೋನಿನ ದತ್ತಾಂಶ ಸಾಮಾನ್ಯವಾಗಿ ಅಳಿಯುವುದರಿಂದ ಪ್ರತಿ ತೆಗೆದಿಡುವುದು ಅಗತ್ಯ.

ಅಳವಡಿಸಿದ ರಿಕವರಿ ಮಾಯವಾಗುವುದು ಪದೇಪದೇ ಕಾಣುವ ತೊಡಕು. ಫೋನು ನೇರವಾಗಿ ಆಂಡ್ರಾಯ್ಡ್‌ಗೆ ಬೂಟ್ ಆದರೆ ಮೂಲ ವ್ಯವಸ್ಥೆ ಹಲವು ಫೋನುಗಳಲ್ಲಿ ತನ್ನ ರಿಕವರಿಯನ್ನು ಮರಳಿ ಬರೆಯುತ್ತದೆ. ರಿಕವರಿಯನ್ನು ಅಳವಡಿಸಲು ಬಳಸಿದ ಫಾಸ್ಟ್‌ಬೂಟ್ ಸ್ಥಿತಿಯಿಂದ ಹೊರಟ ಕೂಡಲೇ ಗುಂಡಿಗಳನ್ನೊತ್ತಿ ಟಿಡಬ್ಲ್ಯುಆರ್‌ಪಿಗೆ ಹೋಗುವುದು ಪರಿಹಾರ. ಆಂಡ್ರಾಯ್ಡ್ 7.0 (2016) ತಂದ, ವ್ಯವಸ್ಥೆಯ ಎರಡು ಪ್ರತಿಗಳನ್ನಿಡುವ ಎ/ಬಿ ವಿನ್ಯಾಸದ ಅನೇಕ ಫೋನುಗಳಲ್ಲಿ ರಿಕವರಿಗೆ ಪ್ರತ್ಯೇಕ ವಿಭಾಗವಿಲ್ಲ, ಅದು ಬೂಟ್ ವಿಭಾಗದೊಳಗಿದೆ. ಅಂಥವುಗಳಲ್ಲಿ ಟಿಡಬ್ಲ್ಯುಆರ್‌ಪಿಯ ಇಮೇಜನ್ನು ತಾತ್ಕಾಲಿಕವಾಗಿ ಬೂಟ್ ಮಾಡಿ ಒಳಗಿನಿಂದಲೇ ಅಳವಡಿಸಬೇಕು. ಟಿಡಬ್ಲ್ಯುಆರ್‌ಪಿಯಲ್ಲಿ ಸಂಗ್ರಹ 0 ಎಂಬಿ ಎಂದು ತೋರಿದರೆ, ಎನ್‌ಕ್ರಿಪ್ಟ್ ಆದ ದತ್ತಾಂಶವನ್ನು ರಿಕವರಿ ಬಿಡಿಸಲಾರದ ಸ್ಥಿತಿ ಸಾಮಾನ್ಯ ಕಾರಣ.