ಕಾಲುಪೆಟ್ಟಿಗೆಯ ಕಥೆ

ವಾಚಕರೇ, ಹಾರ್ಮೋನಿಯಂ ನಮ್ಮದೇ ವಾದ್ಯವೆಂದು ನೀವು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 1842ರಲ್ಲಿ ಅದರ ಹಕ್ಕುಪತ್ರ ಪಡೆದವನು ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆಂ. ಕಾಲಿನಿಂದ ತಿದಿಯೊತ್ತಿದರೆ ಎರಡು ಕೈಗಳೂ ನುಡಿಸುವುದಕ್ಕೆ ಬಿಡುವಾಗುತ್ತವೆ. ನಮ್ಮ ನಾಟಕ ಕಂಪೆನಿಗಳು ಮೆಚ್ಚಿದ್ದು ಈ ಕಾಲುಪೆಟ್ಟಿಗೆಯನ್ನೇ. ನೆಲದ ಮೇಲೆ ಕುಳಿತು ಹಾಡುವವರಿಗಾಗಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈಪೆಟ್ಟಿಗೆಯನ್ನು ರೂಪಿಸಿದರು. ರಾಮಕುಂಜವೂ ಸೇರಿದ ತೆಂಕುತಿಟ್ಟಿನ ಸೀಮೆಯ ಆಟಕೂಟಗಳಲ್ಲಿ ಸೋರೆಬುರುಡೆಯ ಪುಂಗಿ ಹಿಡಿಯುತ್ತಿದ್ದ ಶ್ರುತಿಯು ಕ್ರಮೇಣ ಹಾರ್ಮೋನಿಯಮ್ಮಿನ ಪಾಲಿಗೆ ಬಂದಿತು.

ರೇಡಿಯೋ ಮಾತ್ರ 1940ರ ಮಾರ್ಚಿನಲ್ಲಿ ಅದಕ್ಕೆ ಬಾಗಿಲು ಮುಚ್ಚಿತು. ಅದರ ಸ್ವರಗಳು ನಿಂತಲ್ಲೇ ನಿಲ್ಲುವವು, ಗಮಕಕ್ಕೆ ಒದಗವು ಎಂಬುದು ಆಕ್ಷೇಪ. ಮಾತು ಸುಳ್ಳಲ್ಲ. ಆದರೂ ಹಳ್ಳಿಯ ಭಜನೆಗೆ ಬೇರೆ ಆಸರೆ ಎಲ್ಲಿತ್ತು? ನಿರ್ಬಂಧವು ಭಾಗಶಃ ಸಡಿಲವಾದದ್ದು 1971ರಲ್ಲಿ.

ಅಷ್ಟು ಕಾಲವೂ ವಾದ್ಯವನ್ನು ಉಳಿಸಿದವರಲ್ಲಿ ರಿಪೇರಿಯವರನ್ನು ಮರೆಯಬಾರದು. ಹರಿದ ತಿದಿಗೆ ತೇಪೆ ಹಾಕುವವರು ಅವರು; ಅಪಸ್ವರದ ಹಿತ್ತಾಳೆಯ ನಾಲಗೆಯನ್ನು ಸರಿಪಡಿಸುವವರೂ ಅವರೇ. ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಗೀರು ಹೆಚ್ಚಾದರೆ ನಾಲಗೆಯೇ ಕೆಟ್ಟೀತು. ನಿಮ್ಮ ಮನೆಯ ಅಟ್ಟದಲ್ಲಿ ಮೂಕವಾಗಿ ಕುಳಿತ ಪೆಟ್ಟಿಗೆಯಿದ್ದರೆ, ಅಂಥ ಕೈ ನಿಮ್ಮೂರಿನಲ್ಲಿ ಇರುವಾಗಲೇ ಕೆಳಗಿಳಿಸಿರಿ.