ನಿತಂಬದ ಕೊಬ್ಬು ಕಸಿ: ಎರಡನೆಯ ಶಸ್ತ್ರಚಿಕಿತ್ಸೆಗೆ ಮುನ್ನ

ಹೊಟ್ಟೆ, ಸೊಂಟ, ಬೆನ್ನಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆದು ಅದನ್ನೇ ನಿತಂಬಕ್ಕೆ ತುಂಬಿಸುವ ಶಸ್ತ್ರಚಿಕಿತ್ಸೆಗೆ ಬಿಬಿಎಲ್ ಎಂಬ ಚುಟುಕು ಹೆಸರಿದೆ. ಬಿಡಿಸಿ ಹೇಳಿದರೆ ಬ್ರೆಜಿಲಿಯನ್ ಬಟ್ ಲಿಫ್ಟ್. ಮಾಡಿಸಿಕೊಂಡವರಲ್ಲಿ ಕೆಲವರು ತಿಂಗಳುಗಳು ಕಳೆದ ಮೇಲೆ ಮತ್ತೆ ವೈದ್ಯರ ಮುಂದೆ ಬಂದು ಕೂರುತ್ತಾರೆ. ಒಬ್ಬರಿಗೆ ತುಂಬಿಸಿದ್ದು ಕರಗಿಹೋಗಿದೆ. ಇನ್ನೊಬ್ಬರಿಗೆ ಎರಡು ಬದಿ ಒಂದೇ ಸಮ ಇಲ್ಲ. ಮತ್ತೊಬ್ಬರ ಕೈಗೆ ಗಂಟು ಸಿಗುತ್ತಿದೆ. ಮಗದೊಬ್ಬರಿಗೆ ಅಂದು ಆಸೆಪಟ್ಟು ಮಾಡಿಸಿಕೊಂಡ ಗಾತ್ರವೇ ಇಂದು ಭಾರವಾಗಿದೆ. ಸರಿಪಡಿಸಬಹುದೇ ಎಂಬುದು ಇವರೆಲ್ಲರ ಪ್ರಶ್ನೆ. ಬಹಳಷ್ಟು ಸಲ ಒಂದಿಷ್ಟಾದರೂ ಸರಿಪಡಿಸಬಹುದು. ಆದರೆ ಅದನ್ನು ಮೊದಲ ಸಲ ಉಳಿದುಹೋದ ಸಣ್ಣ ಕೆಲಸವೆಂದು ತಿಳಿಯುವುದು ಅಪಾಯಕಾರಿ. ಒಮ್ಮೆ ಕೊಳವೆ ಓಡಾಡಿದ ದೇಹದಲ್ಲಿ ಕೊಬ್ಬು ಕಡಿಮೆಯಾಗಿರುತ್ತದೆ, ಒಳಗೆಲ್ಲ ಗಾಯದ ನಾರು ಬೆಳೆದಿರುತ್ತದೆ, ಪದರಗಳ ಗುರುತು ಮಸುಕಾಗಿರುತ್ತದೆ.

ಹೆಸರು ಬಂದ ಬಗೆ

ರಿಯೊ ಡಿ ಜನೈರೊದ ಪ್ಲಾಸ್ಟಿಕ್ ಸರ್ಜನ್ ಇವೊ ಪಿಟಾಂಗಿ 1960ರ ದಶಕದಲ್ಲಿ ತೊಡೆ ಮತ್ತು ನಿತಂಬದ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. ಅದರಲ್ಲಿ ಹೆಚ್ಚುವರಿ ಚರ್ಮ ಮತ್ತು ಕೊಬ್ಬನ್ನು ಕತ್ತರಿಸಿ ತೆಗೆದು ಹೊಲಿಯುತ್ತಿದ್ದರು, ಕೊಬ್ಬು ತುಂಬಿಸುವುದು ಇರಲಿಲ್ಲ. ಕೊಬ್ಬು ಹೀರುವ ವಿಧಾನ, ಅಂದರೆ ಲಿಪೊಸಕ್ಷನ್, ಬೆಳೆದದ್ದು 1970ರ ದಶಕದ ಇಟಲಿ ಮತ್ತು ಫ್ರಾನ್ಸಿನಲ್ಲಿ. ಈಗಿನ ಕಸಿ ನಿಂತಿರುವುದು ಆ ಹೀರುವಿಕೆಯ ಮೇಲೆ. ಹಾಗಾಗಿ ಹೆಸರಿನಲ್ಲಿ ‘ಲಿಫ್ಟ್’ ಇದ್ದರೂ ಇಂದಿನ ಬಿಬಿಎಲ್ ಜೋತುಬಿದ್ದ ಚರ್ಮವನ್ನು ಎತ್ತಿ ಕಟ್ಟುವುದಿಲ್ಲ. ಜೋಲು ಹೋದೀತೆಂದು ನಂಬಿ ಮಾಡಿಸಿಕೊಂಡು ನಿರಾಶರಾದವರಿಗೆ ಈ ಒಂದು ಸಂಗತಿಯನ್ನು ಮೊದಲೇ ಯಾರಾದರೂ ಹೇಳಬೇಕಿತ್ತು.

ನಾಟಿ ಮಾಡಿದ ಪೈರಿನಂತೆ

ಕಸಿಯಾದ ಕೊಬ್ಬು ಏಕೆ ಉಳಿಯುತ್ತದೆ, ಏಕೆ ಕರಗುತ್ತದೆ ಎಂಬುದು ತಿಳಿಯದೆ ಮುಂದಿನ ಯಾವ ತೀರ್ಮಾನವೂ ಗಟ್ಟಿಯಾಗದು. ಭತ್ತದ ನಾಟಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಟ್ಟಲಿನಿಂದ ಕಿತ್ತ ಪೈರಿಗೆ ಗದ್ದೆಯಲ್ಲಿ ಹೊಸದಾಗಿ ಬೇರು ಹಿಡಿಯಬೇಕು. ಹೀರಿ ತೆಗೆದ ಕೊಬ್ಬಿನ ಕೋಶಗಳಿಗೂ ಹಾಗೆಯೇ. ಹಳೆಯ ರಕ್ತನಾಳದ ಸಂಬಂಧ ಕಡಿದುಹೋಗಿರುತ್ತದೆ. ಮೊದಲ ಕೆಲವು ದಿನ ಅವು ಸುತ್ತಲಿನ ದ್ರವದಿಂದ ಒಸರಿ ಬರುವ ಆಮ್ಲಜನಕದ ಮೇಲೆ ಬದುಕಬೇಕು, ಅಷ್ಟರಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಒಳಗೆ ಚಿಗುರಬೇಕು. ಈ ಒಸರುವಿಕೆ ಮಿಲಿಮೀಟರ್ ಲೆಕ್ಕದ ದೂರಕ್ಕಷ್ಟೇ ತಲುಪುತ್ತದೆ. ಆದ್ದರಿಂದ ಕೊಬ್ಬನ್ನು ತೆಳ್ಳನೆಯ ಎಳೆಗಳಾಗಿ, ಬೇರೆ ಬೇರೆ ಜಾಗದಲ್ಲಿ ಹರಡಿ ಬಿಟ್ಟರೆ ಹೆಚ್ಚು ಉಳಿಯುತ್ತದೆ. ಒಂದೇ ಕಡೆ ಮುದ್ದೆಯಾಗಿ ಸುರಿದರೆ ಅಂಚಿನದು ಬದುಕಿ ನಡುವಿನದು ಸಾಯುತ್ತದೆ.

ಸಾಮಾನ್ಯವಾಗಿ ತುಂಬಿಸಿದ್ದರಲ್ಲಿ ಶೇ 50ರಿಂದ 70ರಷ್ಟು ಉಳಿಯುತ್ತದೆ ಎನ್ನುತ್ತಾರೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು ಬಹಳ ಬದಲಾಗುತ್ತದೆ. ಮೊದಲ ವಾರಗಳಲ್ಲಿ ಕಾಣುವ ಗಾತ್ರದಲ್ಲಿ ಬಾವಿನ ಪಾಲೂ ದೊಡ್ಡದು. ಬಾವು ಇಳಿದಾಗ, ಉಳಿಯದ ಕೊಬ್ಬನ್ನು ದೇಹ ಹೀರಿಕೊಂಡಾಗ ಆಕಾರ ಕುಗ್ಗುವುದು ಸಹಜ. ಮೂರನೆಯ ತಿಂಗಳ ಹೊತ್ತಿಗೆ ಬಹುಪಾಲು ಚಿತ್ರ ಸ್ಪಷ್ಟವಾಗುತ್ತದೆ, ಆರು ತಿಂಗಳಿಗೆ ನೆಲೆಗೊಳ್ಳುತ್ತದೆ, ಗಾಯದ ನಾರು ಮೆತ್ತಗಾಗಲು ವರ್ಷವೂ ಹಿಡಿಯಬಹುದು. ಮತ್ತೊಂದು ಶಸ್ತ್ರಚಿಕಿತ್ಸೆಗೆ ಕನಿಷ್ಠ ಆರು ತಿಂಗಳು, ಮೇಲಾಗಿ ಒಂದು ವರ್ಷ ಕಾಯಲು ಹೇಳುವುದು ಇದಕ್ಕಾಗಿಯೇ. ಆರನೆಯ ವಾರದಲ್ಲೇ ‘ಇನ್ನೊಂದು ರೌಂಡ್ ಮಾಡೋಣ’ ಎಂದು ದಿನಾಂಕ ಕೊಡುವ ಕ್ಲಿನಿಕ್ ಇದ್ದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಹೀಗೆ ಉಳಿದ ಕೊಬ್ಬು ಜೀವಂತ ಕೊಬ್ಬು. ಮೈ ತೂಕ ಹೆಚ್ಚಿದರೆ ಅದೂ ಊದುತ್ತದೆ, ಇಳಿದರೆ ಅದೂ ಕರಗುತ್ತದೆ. ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಕಸಿ ಮಾಡಿದ ಭಾಗವೂ ಸೊರಗುತ್ತದೆ. ತೂಕ ಇಳಿಯುತ್ತಿರುವಾಗಲೇ ಎರಡನೆಯ ಕಸಿಗೆ ಹೊರಡುವುದರಲ್ಲಿ ಅರ್ಥವಿಲ್ಲ. ತೂಕ ಹಲವು ತಿಂಗಳು ಒಂದೇ ಕಡೆ ನಿಂತಿರಬೇಕು. ಈ ಔಷಧಿಗಳಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅರಿವಳಿಕೆ ತಜ್ಞರಿಗೂ ಅದನ್ನು ತಪ್ಪದೆ ತಿಳಿಸಬೇಕು.

ಮತ್ತೆ ತುಂಬಿಸುವುದಾದರೆ

ಗಾತ್ರ ಸಾಲದು, ಒಂದು ಬದಿಯಲ್ಲಿ ತಗ್ಗು ಬಿದ್ದಿದೆ, ಸೊಂಟದ ಪಕ್ಕದ ಗುಳಿ ತುಂಬಿಲ್ಲ ಎಂಬ ದೂರುಗಳಿಗೆ ಇನ್ನೊಮ್ಮೆ ಕೊಬ್ಬು ಕಸಿಯೇ ಹೆಚ್ಚಾಗಿ ಸೂಚಿಸುವ ದಾರಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಂದರೆ ಕೊಬ್ಬು ಎಲ್ಲಿಂದ ಬರಬೇಕು? ಹೊಟ್ಟೆ, ಪಕ್ಕೆಯ ಕೊಬ್ಬು ಮೊದಲ ಸಲವೇ ಖರ್ಚಾಗಿರುತ್ತದೆ. ಉಳಿದದ್ದು ನಾರಿನೊಳಗೆ ಸಿಕ್ಕಿಕೊಂಡಿರುತ್ತದೆ, ಸುಲಭಕ್ಕೆ ಬಾರದು, ರಕ್ತ ಹೆಚ್ಚು ಹೋಗಬಹುದು, ಮೇಲ್ಮೈ ಅಂಕುಡೊಂಕಾಗುವ ಸಂಭವವೂ ಹೆಚ್ಚು. ತೊಡೆ, ತೋಳಿನಿಂದ ತೆಗೆಯಬಹುದು, ಪ್ರಮಾಣ ಕಡಿಮೆ. ತೆಳ್ಳಗಿರುವವರಿಗೆ ‘ತೂಕ ಏರಿಸಿಕೊಂಡು ಬನ್ನಿ’ ಎನ್ನುವ ಸಲಹೆಯೂ ಸಿಗುತ್ತದೆ. ಆದರೆ ಏರಿಸಿದ ತೂಕ ಮುಂದೆ ಇಳಿದರೆ ಕಸಿಯೂ ಇಳಿಯುತ್ತದೆ, ಅಲ್ಲಿಗೆ ಪಟ್ಟ ಪಾಡು ವ್ಯರ್ಥ.

ಹೊಟ್ಟೆಯಿಂದ ಎರಡನೆಯ ಸಲ ಹೀರುವ ಮೊದಲು ಹರ್ನಿಯಾ ಇದೆಯೇ ಎಂದು ಪರೀಕ್ಷಿಸುವುದು ಬಹಳ ಮುಖ್ಯ. ಸಿಸೇರಿಯನ್ ಅಥವಾ ಬೇರೆ ಶಸ್ತ್ರಚಿಕಿತ್ಸೆಯ ಕಲೆ ಇದ್ದವರಲ್ಲಿ ಹೊಟ್ಟೆಯ ಗೋಡೆ ಒಂದೆಡೆ ಸಡಿಲವಾಗಿದ್ದರೆ ಕೊಳವೆ ಕರುಳಿಗೆ ತಾಗುವ ಅಪಾಯ ಹೆಚ್ಚು.

ಸೊಂಟದ ಪಕ್ಕದ ಗುಳಿಯ ಬಗ್ಗೆ ಒಂದು ಮಾತು. ಸೊಂಟದ ಮೂಳೆಯ ಏಣಿಗೂ ತೊಡೆಮೂಳೆಯ ಮೇಲ್ತುದಿಗೂ ನಡುವೆ ಇರುವ ಈ ತಗ್ಗು ಮೂಳೆಯ ಜೋಡಣೆಯಿಂದಲೇ ಬಂದದ್ದು. ಅಲ್ಲಿ ಚರ್ಮ ಒಳಪದರಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಹೆಚ್ಚು ಕೊಬ್ಬಿಗೆ ಜಾಗವಿಲ್ಲ. ಇದನ್ನು ಊನವೆಂದು ಕರೆಯುವುದನ್ನೇ ನಾನು ಒಪ್ಪುವುದಿಲ್ಲ.

ಕಡಿಮೆ ಮಾಡುವುದು, ಎತ್ತಿ ಕಟ್ಟುವುದು

ತುಂಬಿಸಿದ್ದನ್ನು ತೆಗೆಸಲು ಬರುವವರೂ ಇದ್ದಾರೆ. ಲಿಪೊಸಕ್ಷನ್‌ನಿಂದ ಗಾತ್ರ ಇಳಿಸಬಹುದು, ಹಳೆಯ ಆಕಾರವೇ ಮರಳುತ್ತದೆಂದು ಹೇಳಲಾಗದು. ಹಿಗ್ಗಿದ ಚರ್ಮ ಅಷ್ಟೂ ಕುಗ್ಗದಿರಬಹುದು. ನಿತಂಬ ಮತ್ತು ತೊಡೆ ಕೂಡುವಲ್ಲಿರುವ ಮಡಿಕೆಯ ಸುತ್ತ ವಿಶೇಷ ಎಚ್ಚರ ಬೇಕು. ಆ ಮಡಿಕೆಯ ಕೆಳಗಿನ ಅಂಗಾಂಶ ಮೇಲಿನ ಭಾರಕ್ಕೆ ಆಸರೆಯಂತಿದೆ. ಅಲ್ಲಿ ಅತಿಯಾಗಿ ಹೀರಿದರೆ ಮೇಲಿನದು ಕುಸಿದು ಜೋತುಬೀಳುತ್ತದೆ, ಕೆಲವರಲ್ಲಿ ಎರಡು ಮಡಿಕೆ ಕಾಣಿಸುತ್ತದೆ. ಆ ಕುಸಿತವನ್ನು ತಿದ್ದುವುದು ಮೊದಲ ಸಮಸ್ಯೆಗಿಂತ ಕಷ್ಟ.

ಚರ್ಮವೇ ಸಡಿಲವಾಗಿದ್ದರೆ ಅದನ್ನು ಕತ್ತರಿಸಿ ಎತ್ತಿ ಕಟ್ಟಬೇಕು. ಕೊಬ್ಬಿನಿಂದ ತುಂಬಿಸಿ ಬಿಗಿ ಮಾಡಲು ಹೊರಟರೆ ಭಾರ ಹೆಚ್ಚಿ ಇನ್ನಷ್ಟು ಇಳಿಯುತ್ತದೆ. ಕತ್ತರಿಸಿದ ಮೇಲೆ ಉದ್ದನೆಯ ಗಾಯದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಕೂರುವ, ಬಾಗುವ ಜಾಗವಾದ್ದರಿಂದ ಹೊಲಿಗೆ ಬಿಟ್ಟುಕೊಳ್ಳುವ ಸಂಭವವೂ ಇದೆ.

ಗಂಟು, ಬಾವು, ಸೋಂಕು

ಸತ್ತ ಕೊಬ್ಬು ಕೆಲವೆಡೆ ಗಟ್ಟಿ ಗಂಟಾಗುತ್ತದೆ, ಕೆಲವೆಡೆ ಕರಗಿ ಎಣ್ಣೆಯಾಗಿ ಅದರ ಸುತ್ತ ತೆಳು ಚೀಲ ಕಟ್ಟುತ್ತದೆ, ಕಾಲಕ್ರಮೇಣ ಸುಣ್ಣದಂಶ ಸೇರಿ ಗಡುಸಾಗುವುದೂ ಉಂಟು. ಅಲ್ಟ್ರಾಸೌಂಡ್‌ನಲ್ಲಿ ಇದನ್ನು ಗುರುತಿಸಬಹುದು, ಬೇಕಾದರೆ ಎಂಆರ್‌ಐ ಮಾಡುತ್ತಾರೆ. ಸಣ್ಣದಾಗಿದ್ದು ನೋವಿಲ್ಲದಿದ್ದರೆ ಹಾಗೆಯೇ ಬಿಡಬಹುದು. ಎಣ್ಣೆಯ ಚೀಲವನ್ನು ಸೂಜಿಯಿಂದ ಬರಿದು ಮಾಡಬಹುದು. ನೋವು ಕೊಡುವ ದೊಡ್ಡ ಗಂಟನ್ನು ಕತ್ತರಿಸಿ ತೆಗೆಯಬೇಕಾದೀತು, ಆಗ ಆ ಜಾಗದಲ್ಲಿ ತಗ್ಗು ಉಳಿಯುತ್ತದೆ.

ಸೋಂಕಿನ ವಿಚಾರ ಬೇರೆಯೇ. ಇದಕ್ಕೆ ಆರು ತಿಂಗಳ ನಿಯಮ ಅನ್ವಯಿಸದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್‌ನಂಥ ಕ್ಷಯರೋಗಾಣುವಿನ ದೂರದ ದಾಯಾದಿಗಳು ವಾರಗಳು, ತಿಂಗಳುಗಳು ಕಳೆದ ಮೇಲೆ ಕೆಂಪು ಗಂಟಾಗಿ, ಒಸರುವ ಹುಣ್ಣಾಗಿ ತಲೆಯೆತ್ತುತ್ತವೆ. ಮಾಮೂಲಿ ಕಲ್ಚರ್ ಪರೀಕ್ಷೆಯಲ್ಲಿ ಇವು ತಪ್ಪಿಹೋಗಬಹುದು, ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಬಗ್ಗುವುದೂ ಇಲ್ಲ. ಪ್ರತ್ಯೇಕ ಪರೀಕ್ಷೆ ಮಾಡಿಸಿ ಒಂದಕ್ಕಿಂತ ಹೆಚ್ಚು ಔಷಧಿಯನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಕಡಿಮೆ ಬೆಲೆಗೆಂದು ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಮೆರಿಕನ್ನರಲ್ಲಿ ಇಂಥ ಸೋಂಕುಗಳು ಕಂಡುಬಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಕೆ ಕೊಟ್ಟಿದೆ. ಸೋಂಕು ಪೂರ್ತಿ ವಾಸಿಯಾಗುವ ತನಕ ಆಕಾರ ತಿದ್ದುವ ಮಾತೇ ಎತ್ತಬಾರದು.

ಪ್ರಾಣಕ್ಕೆ ಬರುವ ಅಪಾಯ

ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಬಿಬಿಎಲ್‌ನಷ್ಟು ಸಾವಿನ ಚರ್ಚೆಗೆ ಒಳಗಾದದ್ದು ಮತ್ತೊಂದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಸುಮಾರು 3,000 ಶಸ್ತ್ರಚಿಕಿತ್ಸೆಗೆ ಒಂದು ಸಾವು ಎಂದು ಅಂದಾಜು ಮಾಡಿತು. ಕಾರಣ ಅಂಗರಚನೆಯಲ್ಲೇ ಇದೆ. ನಿತಂಬದ ದೊಡ್ಡ ಸ್ನಾಯುವಿನ ಅಡಿಯಲ್ಲಿ ದಪ್ಪನೆಯ ಅಭಿಧಮನಿಗಳು ಹರಿಯುತ್ತವೆ. ಕೊಬ್ಬು ತುಂಬಿಸುವ ಕೊಳವೆ ಸ್ನಾಯುವಿನೊಳಗೆ ಇಳಿದು ಅಭಿಧಮನಿ ಹರಿದರೆ ಕೊಬ್ಬು ರಕ್ತದೊಡನೆ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ನುಗ್ಗಿ ರಕ್ತದ ದಾರಿಯನ್ನೇ ಕಟ್ಟುತ್ತದೆ. ಟೇಬಲ್ ಮೇಲೆಯೇ, ಇಲ್ಲವೇ ಕೆಲವು ಗಂಟೆಗಳಲ್ಲಿ ಜೀವ ಹೋಗಬಹುದು. ಸ್ನಾಯುವಿನೊಳಕ್ಕೇ ಸುರಿದ ಕೊಬ್ಬಿನ ಒತ್ತಡದಿಂದಲೂ ಅಭಿಧಮನಿ ಹರಿಯಬಹುದು. ಶವಪರೀಕ್ಷೆಯಾದ ಪ್ರಕರಣಗಳಲ್ಲಿ ಸ್ನಾಯುವಿನೊಳಗೆ ಕೊಬ್ಬು ಸಿಕ್ಕಿತ್ತು.

ಅದಾದ ಮೇಲೆ ವೈದ್ಯ ಸಂಘಗಳು ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಮಾತ್ರ ತುಂಬಿಸಬೇಕೆಂದು ಸ್ಪಷ್ಟಪಡಿಸಿದವು. 2020ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆಯಲ್ಲಿ ಸಾವಿನ ಅಂದಾಜು ಸುಮಾರು 15,000ಕ್ಕೆ ಒಂದಕ್ಕೆ ಇಳಿಯಿತು. ಬ್ರಿಟನ್ನಿನ ಸೌಂದರ್ಯ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 2018ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಲು ಸದಸ್ಯರಿಗೆ ಸಲಹೆ ಕೊಟ್ಟಿತ್ತು. 2022ರಲ್ಲಿ, ಅಲ್ಟ್ರಾಸೌಂಡ್ ನೋಡುತ್ತ ಮೇಲ್ಪದರದಲ್ಲಿ ಮಾತ್ರ ಮಾಡಬೇಕೆಂಬ ಮಾರ್ಗಸೂಚಿಯೊಡನೆ ಆ ಸಲಹೆ ಸಡಿಲವಾಯಿತು. ಅಗ್ಗದ ಕ್ಲಿನಿಕ್‌ಗಳು ತುಂಬಿರುವ ಫ್ಲಾರಿಡಾದಲ್ಲಿ 2019ರಲ್ಲಿ ಸ್ನಾಯುವಿಗೆ ಚುಚ್ಚುವುದನ್ನು ನಿಷೇಧಿಸಿದರು. 2022ರ ತುರ್ತು ನಿಯಮ ಅಲ್ಟ್ರಾಸೌಂಡ್ ಕಡ್ಡಾಯ ಮಾಡಿತು, ಒಬ್ಬ ಸರ್ಜನ್ ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಕೂಡದೆಂದೂ ಹೇಳಿತು. ದಿನಕ್ಕೆ ಎಷ್ಟು ಎಂಬ ಲೆಕ್ಕವೂ ಕಾನೂನಿಗೆ ಬರಬೇಕಾಯಿತೆಂದರೆ ಅಲ್ಲಿ ಎಂಥ ಅವಸರ ನಡೆದಿತ್ತೆಂದು ಊಹಿಸಬಹುದು. ಆ ಅವಸರಕ್ಕೆ ಬಲಿಯಾದವರು ಕಾಯಿಲೆಯವರಲ್ಲ, ಆರೋಗ್ಯವಾಗಿ ನಡೆದುಕೊಂಡು ಒಳಗೆ ಹೋದವರು ಎಂಬುದು ನನ್ನನ್ನು ಕಾಡುತ್ತದೆ.

ಎರಡನೆಯ ಸಲ ಮಾಡಿಸಿಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ಒಮ್ಮೆ ಏನೂ ಆಗಲಿಲ್ಲ’ ಎಂಬುದು ಮುಂದಿನದಕ್ಕೆ ಭರವಸೆಯಾಗದು. ನಾರುಗಟ್ಟಿದ ಅಂಗಾಂಶದಲ್ಲಿ ಕೊಳವೆ ನೇರ ಸಾಗಲು ಹೆಚ್ಚು ಬಲ ಬೇಕು, ತುದಿ ಎಲ್ಲಿದೆ ಎಂಬ ಕೈಯ ಅರಿವು ಕುಂದುತ್ತದೆ. ಹಾಗಾಗಿ ‘ಅಲ್ಟ್ರಾಸೌಂಡ್ ನೋಡುತ್ತ ಮಾಡುತ್ತೀರಾ? ಕೊಳವೆ ನಿಮ್ಮ ಕೈಯಲ್ಲೇ ಇರುತ್ತದೆಯೇ, ಸಹಾಯಕರಿಗೆ ಕೊಡುತ್ತೀರಾ?’ ಎಂದು ನೇರವಾಗಿ ಕೇಳಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮತ್ತೊಂದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮುಚ್ಚಿಡಬಾರದು. ಸಿಗರೇಟು ಸೇದುವವರು ಮೊದಲೂ ಆಮೇಲೂ ಕನಿಷ್ಠ ನಾಲ್ಕು ವಾರ ಬಿಡಬೇಕು.

ಕೊಬ್ಬಲ್ಲದ ದಾರಿಗಳು

ಸಿಲಿಕೋನ್ ಇಂಪ್ಲಾಂಟ್ ಕೊಬ್ಬಿಲ್ಲದವರಿಗೆ ಒಂದು ಆಯ್ಕೆ. ಗಾಯ ಬಿಟ್ಟುಕೊಳ್ಳುವುದು, ಜಾಗ ಕದಲುವುದು, ಸೋಂಕು ತಗಲಿದರೆ ತೆಗೆಯಲೇಬೇಕಾಗುವುದು ಅದರ ಕಷ್ಟಗಳು. ದ್ರವ ಸಿಲಿಕೋನನ್ನು ನೇರವಾಗಿ ಚುಚ್ಚಿಸಿಕೊಳ್ಳುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಿಸಬಾರದು. ಅದು ಅಂಗಾಂಶದೊಳಗೆ ಹರಡಿ ವರ್ಷಗಳ ನಂತರವೂ ಗಂಟು, ಹುಣ್ಣು ಎಬ್ಬಿಸುತ್ತದೆ, ಪೂರ್ತಿ ಹೊರತೆಗೆಯಲು ಬರುವುದಿಲ್ಲ, ರಕ್ತನಾಳ ಸೇರಿದರೆ ಪ್ರಾಣವನ್ನೇ ತೆಗೆಯುತ್ತದೆ.

ಏನೂ ಮಾಡದೆ ಬಿಡುವುದೂ ಸರ್ಜನ್ ಕೊಡಬಹುದಾದ ಸಲಹೆಯೇ. ಎಲ್ಲರ ದೇಹದಲ್ಲೂ ಎಡಬಲ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬೇರೆಯವರ ಕಣ್ಣಿಗೆ ಬೀಳದ ಕೊರತೆಯನ್ನು ದಿನವಿಡೀ ಕನ್ನಡಿಯಲ್ಲಿ ನೋಡಿ ಕೊರಗುವಂತಾದರೆ ಅದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮನಸ್ಸಿನ ಕಾಯಿಲೆಯಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಕೊಡಬೇಕಾದವರು ಮನೋವೈದ್ಯರು. ಶಸ್ತ್ರಚಿಕಿತ್ಸೆಯಿಂದ ಆ ಕೊರಗು ಸಾಮಾನ್ಯವಾಗಿ ತೀರುವುದಿಲ್ಲ.

ವೈದ್ಯರ ಅರ್ಹತೆ, ಕೈಯಲ್ಲಿರಬೇಕಾದ ಕಾಗದ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ದಾಖಲಾದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ ಕನ್ನಡಿಗರು ಬೆಚ್ಚಿದ್ದರು. ಬಿಬಿಎಲ್‌ನ ಅರ್ಧ ಭಾಗ ಕೊಬ್ಬು ತೆಗೆಯುವುದೇ ಆದ್ದರಿಂದ ಇಲ್ಲಿ ಅದನ್ನು ನೆನೆಯಬೇಕಾಗಿದೆ. ನಮ್ಮಲ್ಲಿ ಪ್ಲಾಸ್ಟಿಕ್ ಸರ್ಜನ್ ಎಂದರೆ ಆ ವಿಷಯದಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಪಡೆದವರು. ‘ಕಾಸ್ಮೆಟಾಲಜಿ’ ಎಂಬ ಅಲ್ಪಾವಧಿ ಕೋರ್ಸಿನ ಪ್ರಮಾಣಪತ್ರ ಅದಕ್ಕೆ ಸಮವಲ್ಲ. ಆಸ್ಪತ್ರೆಗೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಇದೆಯೇ, ತೀವ್ರ ನಿಗಾ ಘಟಕ ಇದೆಯೇ, ಅರಿವಳಿಕೆ ತಜ್ಞರು ಪೂರ್ತಿ ಹೊತ್ತು ಇರುತ್ತಾರೆಯೇ ಎಂದು ವಿಚಾರಿಸಬೇಕು. ಆರೋಗ್ಯ ವಿಮೆ ಸಾಮಾನ್ಯವಾಗಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಖರ್ಚು ಕೊಡುವುದಿಲ್ಲ, ತಿದ್ದುಪಡಿಗೂ ಕೈಯಿಂದಲೇ ಹಣ ಹೋಗುತ್ತದೆ.

ಎರಡನೆಯ ಸರ್ಜನ್ ಬಳಿ ಹೋಗುವಾಗ ಮೊದಲ ಶಸ್ತ್ರಚಿಕಿತ್ಸೆಯ ದಾಖಲೆ ಕೈಯಲ್ಲಿರಬೇಕು. ಎಲ್ಲಿಂದ ಎಷ್ಟು ಮಿಲಿಲೀಟರ್ ತೆಗೆದರು, ಯಾವ ಬದಿಗೆ ಎಷ್ಟು ತುಂಬಿದರು, ಯಾವ ಪದರದಲ್ಲಿ ತುಂಬಿದರು, ರಕ್ತ ಎಷ್ಟು ಹೋಯಿತು ಎಂಬುದೆಲ್ಲ ಆಪರೇಷನ್ ನೋಟ್ಸ್‌ನಲ್ಲಿರುತ್ತದೆ. ಮೊದಲೂ ಆಮೇಲೂ ತೆಗೆದ ಫೋಟೊಗಳನ್ನೂ, ಈ ನಡುವೆ ತೂಕ ಹೇಗೆ ಏರಿಳಿಯಿತೆಂಬ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳಲ್ಲೇ ಇದೆ. ಬಾಯಲ್ಲಿ ಕೇಳಿ ಸುಮ್ಮನಾಗದೆ ಅರ್ಜಿ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ತಲುಪಿದ ದಿನಾಂಕದ ಸೀಲು ಹಾಕಿಸಿಕೊಂಡು ಬರಬೇಕು.